ನಾಮಕರಣದ ನಡುವೆ ನನ್ನ ಬನಿಯನ್

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿಗೆ ಲೇಬಲ್ ಹೊಲಿಯುವುದು ನನ್ನ ಕಸುಬು. ನೆಂಟರ ಮನೆಯ ಶುಭಕಾರ್ಯಗಳ ವಿಡಿಯೋ ತೆಗೆಯುವುದು ನನ್ನ ಕಲೆ. ಕಸುಬಿಗೆ ಜನ ಕರೆಯುತ್ತಾರೆ, ಕಲೆಗೆ ನಾನೇ ಹೋಗುತ್ತೇನೆ. ಟೇಪು ಹಾಕುವ ಕ್ಯಾಮೆರಾ, ಅದಕ್ಕಿಂತ ಹಳೆಯ ಕಂಪ್ಯೂಟರು, ಅದರೊಳಗೆ ಯಾವ ಕಾಲದ್ದೋ ಒಂದು ಎಡಿಟಿಂಗ್ ಸಾಫ್ಟ್‌ವೇರು. ನಾವೆಲ್ಲ ಒಬ್ಬರಿಗೊಬ್ಬರು ಹೊಂದಿಕೊಂಡು ಬಾಳುತ್ತಿದ್ದೆವು.

ಕುವೈತಿನಲ್ಲಿ ಡ್ರೈವರಾಗಿರುವ ನನ್ನ ಷಡ್ಡಕ ರುದ್ರೇಶ ಒಂದು ಹೊಸ ಕ್ಯಾಮೆರಾ ಕಳಿಸಿದ. ಟೇಪಿಲ್ಲ, ಉಗುರಿನಷ್ಟು ಮೆಮೊರಿ ಕಾರ್ಡು ಅಷ್ಟೇ. ಅವನ ಹೆಂಡತಿ, ಅಂದರೆ ನನ್ನ ನಾದಿನಿ ಗಂಗಾ, ನಮ್ಮ ಮನೆಯಲ್ಲೇ ಹೆಣ್ಣು ಹೆತ್ತಿದ್ದಳು. ಅಪ್ಪನಾದವನು ಕೂಸಿನ ಮುಖವನ್ನೇ ಕಂಡಿರಲಿಲ್ಲ.

"ಅಣ್ಣಾ, ಹೆಸರು ಏನಿಡ್ತೀರಂತ ಯಾರೂ ಫೋನ್‌ನಾಗ ಹೇಳಬ್ಯಾಡ್ರಿ" ಎಂದಿದ್ದ. "ವಿಡಿಯೋದಾಗ ಕೂಸಿನ ಮುಖ ನೋಡಿಕೋಂತ ನಾನ ಕೇಳ್ತೀನಿ."

"ನಾನಿಲ್ಲೇನಪ್ಪ" ಎಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಾಮಕರಣ ಚೆನ್ನಾಗಿ ನಡೆಯಿತು. ಕೂಸಿನ ಸೋದರತ್ತೆ, ಅಂದರೆ ರುದ್ರೇಶನ ಅಕ್ಕ, ಅದರ ಕಿವಿಯಲ್ಲಿ ಹೆಸರು ಉಸುರಿ, ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದ್ದನ್ನು ಹತ್ತಿರದಿಂದ ಹಿಡಿದೆ. ಮರುದಿನ ಗಂಗಾ ಕೂಸನ್ನೆತ್ತಿಕೊಂಡು ಭೈರವಾನಿತಿಪ್ಪಕ್ಕೆ, ಗಂಡನ ಮನೆಗೆ ಹೋದಳು. ಓಣಿಯ ಬಾಷಾ ಸೋಮವಾರ ಕುವೈತಿಗೆ ಹೊರಡುವವನು. ಅವನ ಕೈಯಲ್ಲಿ ಡಿವಿಡಿ ಕಳಿಸುವುದೆಂದು ತೀರ್ಮಾನವಾಯಿತು.

ಭಾನುವಾರ ಬೆಳಿಗ್ಗೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಫೈಲುಗಳು ಕಂಡವು. ಸಾಫ್ಟ್‌ವೇರಿಗೆ ತೋರಿಸಿದೆ. ಇಂಥ ಫೈಲನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂಬರ್ಥದ ಇಂಗ್ಲಿಷು ಬಂತು. ನನಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಅದೇ ಮನೆ, ಅದೇ ನೆಂಟರು, ಅದೇ ಸೀರೆಗಳು. ನಿನ್ನೆಯವರೆಗೆ ಒಪ್ಪುತ್ತಿದ್ದದ್ದು ಇಂದು ಯಾಕೆ ಬೇಡವಾಯಿತು?

ದಿಟ್ಟಿಸಿ ನೋಡಿದಾಗ ಗುಟ್ಟು ಸಿಕ್ಕಿತು. ಹಳೆಯ ಫೈಲಿನ ಹೆಸರಿನ ಬಾಲದಲ್ಲಿ ಬೇರೆ ಮೂರಕ್ಷರ, ಇದರ ಬಾಲದಲ್ಲಿ ಬೇರೆ. ಓಹೋ, ಲೇಬಲ್ ಸಮಸ್ಯೆ! ಅದು ನನ್ನ ಕಸುಬೇ ಅಲ್ಲವೇ? ನಮ್ಮ ಓಣಿಯಲ್ಲಿ ಹೊಲಿದ ಪ್ಯಾಂಟಿಗೆ ಯಾವ ದೇಶದ ಹೆಸರು ಹಚ್ಚಿದರೂ ಅದು ಆ ದೇಶದ್ದೇ ಆಗಿ ಅಂಗಡಿಯಲ್ಲಿ ಮೆರೆಯುತ್ತದೆ. ಹೊಸ ಲೇಬಲ್ ಕಿತ್ತೆ, ಹಳೆಯದನ್ನು ಹಚ್ಚಿದೆ. ಒಂದೊಂದೇ ಫೈಲಿಗೆ, ಒಪ್ಪವಾಗಿ.

ಸಾಫ್ಟ್‌ವೇರು ಈ ಸಲ ಬೇಡವೆನ್ನಲಿಲ್ಲ. ಒಳಗೆ ತೆಗೆದುಕೊಂಡಿತು. ಆಮೇಲೆ ಕಂಪ್ಯೂಟರು ಅಲುಗಾಡದೆ ನಿಂತಿತು. ಸ್ವಿಚ್ ಆರಿಸಿ ಹಾಕಿದೆ, ಮತ್ತೆ ನಿಂತಿತು. ಲೇಬಲ್ ನಂಬದೆ ಬಟ್ಟೆ ಮುಟ್ಟಿ ನೋಡುವ ಗಿರಾಕಿ ಅದು ಎಂದು ಆಗ ತಿಳಿಯಿತು.

"ಬಳ್ಳಾರಿ ಸ್ಟುಡಿಯೋದಾಗ ಕೊಟ್ಟು ಬರ್ರಿ. ತಾಸೊತ್ತಿನ ಕೆಲಸ" ಎಂದಳು ನನ್ನ ಹೆಂಡತಿ ಶಾರದಾ.

"ನಾ ತೆಗದ ವಿಡಿಯೋಕ್ಕ ಇನ್ನೊಬ್ಬರು ಕೈ ಹಚ್ಚೂದಾ?" ಎಂದೆ.

"ಹಚ್ಚಿದ್ರ ಏನು ಸವೀತೈತಾ?"

ಕಲಾವಿದನಿಗೆ ಮನೆಯಲ್ಲಿ ಬೆಲೆಯಿಲ್ಲ.

ಅಷ್ಟರಲ್ಲಿ ಒಂದು ದಿವ್ಯವಾದ ಉಪಾಯ ಹೊಳೆಯಿತು. ಹೊಸ ಕ್ಯಾಮೆರಾದ ವೈರನ್ನು ಟೀವಿಗೆ ಸಿಕ್ಕಿಸಿದರೆ ಟೀವಿಯಲ್ಲಿ ನಾಮಕರಣ ಕಾಣುತ್ತದೆ. ಆ ಟೀವಿಯ ಎದುರಿಗೆ ಹಳೆಯ ಕ್ಯಾಮೆರಾ ಇಟ್ಟು ಮತ್ತೆ ಚಿತ್ರೀಕರಿಸಿದರೆ ಟೇಪಾಯಿತು. ಟೇಪನ್ನು ಸಾಫ್ಟ್‌ವೇರು ಕಣ್ಣುಮುಚ್ಚಿ ಒಪ್ಪುತ್ತದೆ. ಜೀನ್ಸ್ ಬಂಡಲುಗಳನ್ನು ಪೇರಿಸಿ, ಅವುಗಳ ಮೇಲೆ ಹಳೆಯ ಕ್ಯಾಮೆರಾ ಕೂರಿಸಿದೆ. ಸೆಕೆಗೆ ಅಂಗಿ ಬಿಚ್ಚಿಟ್ಟೆ. ಶಾರದಾ ಅಡುಗೆ ಮಾಡುತ್ತಲೇ ಬಂದು ಬಂದು ಟೀವಿ ನೋಡಿ ಹೋಗುತ್ತಿದ್ದಳು. ಪೂರ್ತಿ ನಾಮಕರಣ ಎರಡನೆಯ ಸಲ ನೆರವೇರಿತು.

ಸಂಜೆ ಎಡಿಟಿಂಗಿಗೆ ಕೂತೆ. ಕಂಪ್ಯೂಟರಿನ ಸ್ಪೀಕರು ಕೆಟ್ಟು ಬಹಳ ಕಾಲವಾಗಿತ್ತು. ಕಣ್ಣಿನಿಂದಲೇ ಎಡಿಟ್ ಮಾಡುವುದು ನನ್ನ ಪದ್ಧತಿ. ಚಿತ್ರದ ಮೇಲೆ ಅಲ್ಲಲ್ಲಿ ಬೆಳ್ಳಗೆ ಏನೋ ತೇಲಾಡಿದಂತಿತ್ತು. ಹೊಸ ಕ್ಯಾಮೆರಾದ ಗುಣವಿರಬೇಕು ಎಂದುಕೊಂಡೆ. ಮೊದಲಿಗೆ ಹೂವು ಉದುರಿಸಿ, ಛಾಯಾಗ್ರಹಣ ಮತ್ತು ಸಂಕಲನದ ಕೆಳಗೆ ನನ್ನ ಹೆಸರನ್ನು ಎರಡು ಸಲ ತಿರುಗಿಸಿ ನಿಲ್ಲಿಸಿದೆ. ಕೊನೆಗೆ ಹೆಸರಿಡುವ ಗಳಿಗೆಗೆ ಬಂಗಾರದ ಬಣ್ಣದ ಚೌಕಟ್ಟು ಹಾಕಿದೆ.

"ಏಮನ್ನಾ, ಅಯಿಪೋಯಿಂದಾ?" ಎಂದು ತೆಲುಗಿನಲ್ಲಿ ಕೇಳುತ್ತ ಬಾಷಾ ಬಂದ. ಆಯಿತು ಎಂದು ಡಿವಿಡಿ ಕೈಗಿಟ್ಟೆ.

ಶುಕ್ರವಾರ ರುದ್ರೇಶನ ಫೋನು ಬಂತು. ರಜೆಯ ದಿನ, ರೂಮಿನವರೆಲ್ಲ ಕೂಡಿ ನೋಡಿದರಂತೆ.

"ಅಣ್ಣಾ, ಕೂಸು ನಮ್ಮವ್ವನಂಗ ಐತಿ."

"ಹೆಸರು? ಕೊನೆಗೆ ಬಂಗಾರದ ಚೌಕಟ್ಟಿನಾಗ ಬಂತಲ್ಲ?"

"ಅಲ್ಲಿ ಕುಕ್ಕರ್ ಕೂಗಿದ್ದೊಂದ ಕೇಳ್ತಣ್ಣಾ. ನಮ್ಮಕ್ಕನ ಬಾಯಿ ಆಡಿದ್ದು ಕಾಣ್ತು, ಮಾತು ಏನೂ ಕೇಳಲಿಲ್ಲ."

ಹಳೆಯ ಕ್ಯಾಮೆರಾಕ್ಕೂ ಕಿವಿಯಿತ್ತು ಎಂಬುದು ಆಗ ನೆನಪಾಯಿತು.

"ಹಂಗಾರ ಹೆಸರು ಗೊತ್ತಾಗಲೇ ಇಲ್ಲ?"

"ಯಾಕಾಗಲಿಲ್ಲ? ಸುರುವಿಗೇ ಗೊತ್ತಾತು. ಟೀವಿ ಗಾಜಿನಾಗ ನೀವು ಬನಿಯನ್ ಹಾಕ್ಕೊಂಡು ಕೂಸಿನ ಮ್ಯಾಲೆ ನಿಂತೀರಿ. ಶಾರದಕ್ಕ ಬೈತಾಳ, 'ಅತ್ತಾಗ ಸರೀರಿ, ನಮ್ಮ ವೇದವತಿ ಮುಖ ಕಾಣವಲ್ದು' ಅಂತ. ನಮ್ಮೂರ ಹೊಳಿ ಹೆಸರು ಇಟ್ಟೀರಿ. ನಾ ಈಜು ಕಲ್ತ ಹೊಳಿ. ಅಲ್ಲೇ ನಿಲ್ಲಿಸಿ ಅದನ್ನ ತಿರುಗಿ ತಿರುಗಿ ಹಾಕಿ ಕೇಳೀನಿ. ಶಾರದಕ್ಕನ ಬೈಗಳ, ಒಗ್ಗರಣಿ ಸಪ್ಪಳ, ಕೂಸಿನ ಹೆಸರು. ಮನ್ಯಾಗ ಕುಂತಂಗಾತು."

ನನಗೂ ಕಣ್ಣು ತುಂಬಿತು. ಆದರೂ ಕಲಾವಿದನ ಮನಸ್ಸು ನೋಡಿ, ತಡೆಯಲಿಲ್ಲ. ಫೋನನ್ನು ಶಾರದಾಳಿಗೆ ಕೊಟ್ಟು, "ಎಡಿಟಿಂಗ್ ಹೆಂಗಿತ್ತಂತ ಕೇಳು" ಎಂದು ಪಿಸುಗುಟ್ಟಿದೆ.

ಅವಳು ಕೇಳಿದಳು. ಆಲಿಸಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಏನಂದ?"

"ಹೊಟ್ಟಿ ಹತ್ರ ಬನಿಯನ್ ಹರದೈತಂತ. ಮುಂದಿನ ಸಲ ಬಾಷಾನ ಕೈಯಾಗ ಹೊಸಾದು ಕಳಿಸ್ತಾನಂತ."