ಬೇವಿನ ಬುಡದ ಇಂಗ್ಲಿಷು

"ಈ ಸಲ ನಾನು ಸೂಪರಿಂಟೆಂಡೆಂಟ್ ಆಗ್ಲಿಲ್ಲ ಅಂದ್ರೆ ಮೀಸೆ ಬೋಳಿಸಿಬಿಡ್ತೀನಿ!" ಎಂದು ಚಕ್ರಪಾಣಿಯವರು ವಿಜಯದಶಮಿಯ ದಿನ, ಪೂಜೆಗಿಟ್ಟ ಇಂಗ್ಲಿಷ್ ನಿಘಂಟಿನ ಮುಂದೆ ನಿಂತು ಘೋಷಿಸಿದರು.

"ಮೀಸೆ ಬೋಳಿಸೋಕೆ ಪರೀಕ್ಷೆ ಯಾಕ್ರೀ? ಬ್ಲೇಡು ಸಾಲದಾ?" ಎಂದರು ಹೆಂಡತಿ ಅಣ್ಣಮ್ಮ.

ಆಕೆಗೇನು ಗೊತ್ತು! ಇಲಾಖಾ ಪರೀಕ್ಷೆಯಲ್ಲಿ ಲೆಕ್ಕವನ್ನು ಗೆದ್ದು, ಕಾನೂನನ್ನು ಮಣಿಸಿದ ಈ ಮಹಾಶೂರ, ಪ್ರತಿಸಲವೂ ಇಂಗ್ಲಿಷ್ ಪದಗಳ ಪತ್ರಿಕೆಯಲ್ಲಿ ಮಕಾಡೆ ಬೀಳುತ್ತಿದ್ದರು. ಒಂದು ಪದ ಕೊಟ್ಟು, ಕೆಳಗಿನ ನಾಲ್ಕರಲ್ಲಿ ಅದರ ಅರ್ಥಕ್ಕೆ ಹತ್ತಿರವಾದುದಕ್ಕೆ ಗುರುತು ಹಾಕಿ ಎನ್ನುತ್ತಿತ್ತು ಪ್ರಶ್ನೆ. ಚಕ್ರಪಾಣಿಯವರಿಗೆ ನಾಲ್ಕೂ ಅಷ್ಟೇ ದೂರ! ಈ ಸಲವೂ ಬಿದ್ದರೆ, ಅವರ ಕೈಕೆಳಗೇ ಫೈಲು ಕಟ್ಟಲು ಕಲಿತ ಬಸವಲಿಂಗಪ್ಪ ಮೇಲಿನ ಕುರ್ಚಿಗೆ ಏರುತ್ತಾನೆ. ಇವರು ಎದ್ದು ನಿಂತು ಅವನಿಗೆ 'ಸಾರ್' ಎನ್ನಬೇಕು. ನಿಘಂಟು ಕೂಡ ಅವನದೇ. "ಇಟ್ಕೊಳ್ಳಿ ಸಾರ್, ನನಗೆ ಬಾಯಿಪಾಠ ಆಗಿದೆ," ಎಂದು ಕೊಟ್ಟಿದ್ದ.

ಉಪಾಯ ಸರಳ. ಚೀಟಿಯಲ್ಲಿ ಪದವನ್ನಷ್ಟೇ ಬರೆಯುವುದು. ಅರ್ಥ ತಲೆಗೆ ಹೋದೊಡನೆ ಚೀಟಿಯನ್ನು ಎಸೆಯುವುದು. ಮೊದಲ ಚೀಟಿ ಎಸೆದ ಕೂಡಲೇ ಅಣ್ಣಮ್ಮ ಹೌಹಾರಿದರು.

"ಅಯ್ಯೋ! ಅಕ್ಷರ ಅಂದ್ರೆ ಸರಸ್ವತಿ ಕಣ್ರೀ! ಕಾಲಿಗೆ ಸಿಕ್ಕಬಾರದು, ಒಲೆಗೂ ಹಾಕಬಾರದು. ಯಾರೂ ತುಳೀದೇ ಇರೋ ಕಡೆ ಹೂತು ಬನ್ನಿ."

ರಾಜಾಜಿನಗರವೆಂದರೆ ಆಗ ನಗರವೆನಿಸಿಕೊಳ್ಳಲು ಅರ್ಜಿ ಹಾಕಿ ಕೂತಿದ್ದ ಬಯಲು. ಅಲ್ಲೊಂದು ಮನೆ, ಇಲ್ಲೊಂದು ಮನೆ, ನಡುವೆಲ್ಲ ಸೈಟಿನ ಗುರುತುಕಲ್ಲು. ಬೀದಿದೀಪಕ್ಕೆ ಕಂಬ ಬಂದಿತ್ತು, ದೀಪ ಬಂದಿರಲಿಲ್ಲ. ಮೂರು ದಾರಿ ಕೂಡುವಲ್ಲಿದ್ದ ಚಕ್ರಪಾಣಿಯವರ ಮನೆಯೇ ಕೊನೆಯದು. ಅದರಾಚೆ ಕುರುಬರಹಳ್ಳಿಯ ರಾಗಿ ಹೊಲ, ಹೊಲದಂಚಿಗೊಂದು ಮುದಿ ಬೇವಿನ ಮರ. ಅದರ ಬುಡದಲ್ಲಿ ಮೂರು ಕಲ್ಲು. ಎಲ್ಲೆಲ್ಲೂ ಗುರುತುಕಲ್ಲು ಕಂಡು ಒಗ್ಗಿದ್ದ ಕಣ್ಣಿಗೆ ಅವೂ ಸೈಟಿನ ಕಲ್ಲುಗಳಾಗಿಯೇ ಕಂಡವು. ಅವು ಊರ ದೇವತೆ ಎಂದು ಇವರಿಗೆ ಹೇಳುವವರಾರು?

ದಿನಾ ಮುಚ್ಚಂಜೆ ಕಚೇರಿಯಿಂದ ಬಂದವರು ಕರಿ ಕೋಟನ್ನೂ ಬಿಚ್ಚದೆ, ಚಳಿಗೆ ಕರಿ ಮಫ್ಲರನ್ನು ಮುಖ ಮುಚ್ಚುವಂತೆ ಸುತ್ತಿಕೊಂಡು ಮರದ ಬಳಿಗೆ ಹೋಗುವರು. ಪಿಸುದನಿಯಲ್ಲಿ ಪದವನ್ನು ಜಪಿಸುತ್ತಾ ಮರ ಸುತ್ತುವರು. ಆಮೇಲೆ ಚೀಟಿಯನ್ನು ಸುರುಳಿ ಮಾಡಿ, ಕೋಟಿನ ಗುಂಡಿಗೆಂದು ತಂದಿದ್ದ ಕರಿದಾರ ಬಿಗಿದು, ಕಲ್ಲಿನ ಪಕ್ಕ ಹೂಳುವರು.

ಧನುರ್ಮಾಸ ಬಂತು. ಮಂಜು ಹೊಲದಿಂದೆದ್ದು ಹಿತ್ತಲವರೆಗೂ ಬರತೊಡಗಿತು. ಒಂದು ಬೆಳಿಗ್ಗೆ ಹಾಲಿನ ಬೋರಮ್ಮ ಖಾಲಿ ಚೊಂಬು ಹಿಡಿದು ನಡುಗುತ್ತಾ ಬಂದಳು.

"ಎಮ್ಮೆ ಇದ್ದಕ್ಕಿದ್ದಂಗೆ ಬತ್ತೋಯ್ತು ಕಣವ್ವಾ! ನಿನ್ನೆ ಸಂಜೆ ಬೇವಿನ ಮರದ ತಾವ ನಾನೇ ಕಂಡೆ. ಕರ್ರಗೆ ಕೋಟೊಂದೇ ನಿಂತಿತ್ತು. ಮೇಲೆ ಮುಖಾನೇ ಇಲ್ಲ! ಏನೋ ಪಿಸಪಿಸ ಅಂತಾ ಮರ ಸುತ್ತುತಿತ್ತು!"

ಒಳಗೆ ಹಲ್ಲುಜ್ಜುತ್ತಿದ್ದ ಚಕ್ರಪಾಣಿಯವರ ಕೈಯಿಂದ ಹಲ್ಲುಪುಡಿ ಚೆಲ್ಲಿತು.

"ಅಣ್ಣಮ್ಮಾ! ನಿನ್ನೆ ಸಂಜೆ ನಾನೂ ಅಲ್ಲೇ ಇದ್ದೆ ಕಣೇ! ಅದು ನನ್ನ ಪಕ್ಕದಲ್ಲೇ ಸುತ್ತುತಿತ್ತು ಅಂತಾಯ್ತು!"

ಮರುದಿನ ಗೇಟು ತೆರೆದರೆ, ಮೂರು ದಾರಿ ಕೂಡುವಲ್ಲಿ, ಕುಂಕುಮ ಮೆತ್ತಿದ ನಿಂಬೆಹಣ್ಣಿನ ಹೋಳುಗಳು. ನಡುವೆ ಒಂದು ಹಿಟ್ಟಿನ ಬೊಂಬೆ. ಬೊಂಬೆಗೆ ಮಸಿಯಲ್ಲಿ ಬರೆದ ಕರಿ ಕೋಟು! ಮುಖವಿರಲಿಲ್ಲ.

"ಬಸವಲಿಂಗಪ್ಪ!" ಎಂದು ಚಕ್ರಪಾಣಿಯವರು ಅಲ್ಲೇ ಕುಸಿದು ಕೂತರು. "ನಾನು ಪಾಸಾಗಬಾರದು ಅಂತ ಮಾಟ ಮಾಡ್ಸಿದಾನೆ. ನಿಘಂಟಲ್ಲೇ ಏನೋ ಇಟ್ಟಿದಾನೆ!"

ಅಂದೇ ನಿಘಂಟು ಒಡೆಯನಿಗೆ ವಾಪಸಾಯಿತು. ಅಣ್ಣಮ್ಮ ಹೋಗಿ ಕುರುಬರಹಳ್ಳಿಯ ಪೂಜಾರಿ ದೊಡ್ಡಹನುಮಯ್ಯನನ್ನು ಕರೆತಂದರು. ಹಿಂದೆಯೇ ಅರ್ಧ ಊರೂ ಬಂತು.

"ಬೊಂಬೆ ಇಟ್ಟಿದ್ದು ನಾನೇ ಸ್ವಾಮಿ, ಆ ಕೋಟಿನ ದೆವ್ವ ಓಡ್ಸೋಕೆ," ಎಂದ ದೊಡ್ಡಹನುಮಯ್ಯ. "ನಮ್ಮೂರಿಗೆ ಯಾವನೋ ಮಾಟ ಮಾಡವ್ನೆ. ಅಮ್ಮನ ಕಲ್ಲಿನ ತಾವ್ಲೇ ಹೂತವ್ನೆ. ಇಂಗ್ರೇಜಿ ಮಾಟ. ನಮಗೆಲ್ಲಿ ಬರ್ತದೆ? ನೀವು ಓದಿದೋರು, ಓದಿ ಹೇಳಿ."

ಕರಿದಾರದ ಸುರುಳಿಗಳನ್ನು ಮುಂದೆ ಚೆಲ್ಲಿದ. ತಮ್ಮದೇ ದಾರ! ತಮ್ಮದೇ ಮುತ್ತಿನಂಥ ಅಕ್ಷರ! ಮಫ್ಲರಿನೊಳಗೆ ಚಕ್ರಪಾಣಿಯವರ ಬೆವರು ಇಳಿಯಿತು.

"ಇದು ಎಮ್ಮೆ ಬತ್ತಿದ ದಿನ ಸಿಕ್ಕಿದ್ದು."

ಬಿಚ್ಚಿದರು. 'ಬ್ಯಾರನ್'. ಅರ್ಥ ನೆನಪಿತ್ತು. ನೆನಪಿರದಿದ್ದರೇ ಚೆನ್ನಾಗಿತ್ತು. "ಬ... ಬರಡು," ಎಂದರು. ಬೋರಮ್ಮ ಚೀರಿದಳು.

"ಇದು ಅಮ್ಮನಿಗೆ ಬಿಟ್ಟ ಟಗರು ಹಗ್ಗ ಕಿತ್ತ ದಿನದ್ದು. ಇನ್ನೂ ಸಿಕ್ಕಿಲ್ಲ ನೋಡಿ."

'ಅಬ್ಸ್‌ಕಾಂಡ್'. "ತಲೆ ತಪ್ಪಿಸಿಕೊಂಡು... ಓಡಿಹೋಗು."

ಜನ ಒಂದು ಹೆಜ್ಜೆ ಹಿಂದೆ ಸರಿದರು. ಹೊರಗೆ ಮಂಜು ಕಿಟಕಿಗೆ ಬಂದು ನಿಂತಿತ್ತು. ಚಕ್ರಪಾಣಿಯವರಿಗೇ ತಮ್ಮ ಕೈಬರಹ ಕಂಡು ಮೈ ಜುಮ್ಮೆಂದಿತು.

"ಇದು ಇವತ್ತು ಸಿಕ್ತು," ಎಂದ ಪೂಜಾರಿ, ದನಿ ತಗ್ಗಿಸಿ. "ಇನ್ನೂ ಏನೂ ಆಗಿಲ್ಲ."

ಬಿಚ್ಚಿದರು. 'ಪ್ರಿವ್ಯಾರಿಕೇಟ್'.

ಚಕ್ರಪಾಣಿಯವರ ತಲೆ ಸುಣ್ಣ ಬಳಿದ ಗೋಡೆಯಾಯಿತು. ಮೊನ್ನೆಯಷ್ಟೇ ಬಾಯಿಪಾಠವಾಯಿತೆಂದು ಹೂತಿದ್ದು! ಈಗ ಒಂದಕ್ಷರ ಅರ್ಥವಿಲ್ಲ. ನಿಘಂಟೂ ಇಲ್ಲ. ಊರೆಲ್ಲ ಕಾಯುತ್ತಿತ್ತು. ಗೊತ್ತಿಲ್ಲವೆಂದರೆ ಮರ್ಯಾದೆ ಹೋಗುತ್ತದೆ. ನಾನೇ ಬರೆದದ್ದೆಂದರೆ ಮೀಸೆಯ ಜೊತೆ ಹಲ್ಲೂ ಹೋಗುತ್ತದೆ.

"ಇದು... ಇದು ಒಳ್ಳೇದು ಕಣಯ್ಯಾ!" ಎಂದರು. "ಮಾಟ ಮಾಡ್ದೋನು ಸೋತು ಬರೆದಿರೋದು. 'ಸರ್ವರಿಗೂ ಮಂಗಳವಾಗಲಿ' ಅಂತ!"

ಊರಿಗೆ ಊರೇ ಕೈಮುಗಿಯಿತು. ದೊಡ್ಡಹನುಮಯ್ಯ ಬಿಟ್ಟಾನೆಯೇ? "ಹಂಗಾದ್ರೆ ಮನೆಗೊಂದು ಬರ್ಕೊಡಿ ಸ್ವಾಮಿ!" ಚಕ್ರಪಾಣಿಯವರು ಕೈ ನೋಯುವವರೆಗೂ ಬರೆದರು.

ಪರೀಕ್ಷೆಯಲ್ಲಿ ಮೊದಲ ಪದವೇ ಅದು! ಕೆಳಗಿನ ನಾಲ್ಕರಲ್ಲಿ 'ಹರಸು' ಎಂಬರ್ಥದ ಪದವೂ ಇತ್ತು. ಅಷ್ಟು ಜನಕ್ಕೆ ಹೇಳಿದ ಮೇಲೆ ತಾವೇ ನಂಬದಿರಲಾದೀತೆ? ಗುರುತು ಹಾಕಿದರು. ಉಳಿದ ಪದಗಳಿಗೂ ನಿಘಂಟಿಲ್ಲದ ಊಹೆಯೇ ಗತಿಯಾಯಿತು. ಹೊರಬಂದ ಮೇಲೆ ಬಸವಲಿಂಗಪ್ಪನನ್ನು ಕೇಳಿದರು.

"ಅದಾ ಸಾರ್? ಸಿಕ್ಕಿಹಾಕ್ಕೊಂಡಾಗ ನಿಜ ಹೇಳ್ದೆ, ಏನೋ ಒಂದು ಸುಳ್ಳು ಹೇಳಿ ನುಣುಚಿಕೊಳ್ಳೋದು. ಸುಲಭದ್ದು ಬಿಡಿ!"

ಮೂರನೆಯ ಚೀಟಿಯೂ ಫಲಿಸಿತ್ತು. ಬಿಚ್ಚಿದ ಗಳಿಗೆಯಲ್ಲೇ, ಬಿಚ್ಚಿದವರ ಬಾಯಲ್ಲೇ!

ಮುಚ್ಚಂಜೆ ಸೈಕಲ್ಲು ತಳ್ಳಿಕೊಂಡು ಕುರುಬರಹಳ್ಳಿಯೊಳಗೆ ಹಾದು ಬಂದರು. ಪ್ರತಿ ಬಾಗಿಲ ಮೇಲೂ ಮಾವಿನೆಲೆ, ಅರಿಸಿನ, ನಡುವೆ ತಮ್ಮ ಮುತ್ತಿನಂಥ ಅಕ್ಷರ. ಪ್ರಿವ್ಯಾರಿಕೇಟ್. ಪ್ರಿವ್ಯಾರಿಕೇಟ್. ಮಂಜಿನಲ್ಲಿ ಅವೆಲ್ಲ ಅವರನ್ನೇ ನೋಡುತ್ತಿದ್ದವು.

"ಬುದ್ಧೀ!" ಬೋರಮ್ಮ ಕಾಲಿಗೇ ಬಿದ್ದಳು. "ನಿಮ್ಮ ಮಂತ್ರ ಕಟ್ಟಿದ್ದೇ ಕಟ್ಟಿದ್ದು, ಎಮ್ಮೆ ಮತ್ತೆ ಹಾಲು ಕೊಡ್ತು! ಟಗರೂ ಬಂತು!"

ಮನೆಯಲ್ಲಿ ಅಣ್ಣಮ್ಮ ಮಾವಿನೆಲೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಊರಿಗೆಲ್ಲ ಬರ್ಕೊಟ್ರಿ. ನಮ್ಮ ಬಾಗಿಲಿಗೂ ಒಂದು ಕಟ್ಟಬಾರದೇನ್ರೀ?"

ಚಕ್ರಪಾಣಿಯವರು ಮಫ್ಲರು ಬಿಚ್ಚಿ, ಮೀಸೆಯನ್ನೊಮ್ಮೆ ಕೊನೆಯ ಸಲವೆಂಬಂತೆ ಸವರಿಕೊಂಡರು.

"ನಮ್ಮ ಬಾಗಿಲಿಗೆ ಬೇಡ ಕಣೇ. ಅದು ನಮ್ಮ ಮನೆಯೊಳಗೇ ಸಂಸಾರ ಮಾಡ್ತಾ ಇದೆ. ಆ ಬ್ಲೇಡು ಎಲ್ಲಿಟ್ಟಿದೀಯ, ಕೊಡು."