ಸಣ್ಣ ಸ್ಪೀಕರಿನ ಮೌನ

ಭಕ್ತಿ ಎಷ್ಟಿದ್ದರೂ ಹೆಚ್ಚಾಗುವುದಿಲ್ಲ ಎಂದು ನಂಬಿದವನು ನಾನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಓದಿನಲ್ಲಿ ಕಡಿಮೆ ಬಿದ್ದದ್ದನ್ನು ಪೂಜೆಯಲ್ಲಿ ತುಂಬಿಕೊಳ್ಳುವ ಹುಮ್ಮಸ್ಸು. ಬನವಾಸಿ ಕಡೆಯಿಂದ ಬಂದು ಶಿರಸಿಯಲ್ಲಿ ಕಿರಾಣಿ ಅಂಗಡಿ ಇಟ್ಟ ಮನೆತನ ನಮ್ಮದು. ಮಹಾನವಮಿಯ ಖಂಡೇ ಪೂಜೆ, ಅದೇ ಆಯುಧ ಪೂಜೆ, ಬಂತೆಂದರೆ ತಕ್ಕಡಿ, ಕೊಡಲಿ, ಸೈಕಲ್ಲು, ಅತ್ತಿಗೆಯ ಈಳಿಗೆಮಣೆ, ಯಾವುದೂ ನನ್ನ ಮೂರು ಬೆರಳಿನ ವಿಭೂತಿಯಿಂದ ತಪ್ಪಿಸಿಕೊಳ್ಳುವುದಿಲ್ಲ.

ಆ ವರ್ಷ ಹಬ್ಬದ ಮುಂಚೆ ಅಣ್ಣ ಹುಬ್ಬಳ್ಳಿಯಿಂದ ಸ್ಟೀರಿಯೋ ತಂದ. ನಡುವೆ ರೆಕಾರ್ಡು ತಿರುಗುವ ಯಂತ್ರ, ಅತ್ತಿತ್ತ ಎರಡು ಮರದ ಪೆಟ್ಟಿಗೆ. ಪ್ರತಿ ಪೆಟ್ಟಿಗೆಯೊಳಗೆ ತಬಲಾ ನುಡಿಸಲು ದೊಡ್ಡ ಸ್ಪೀಕರು, ಕೊಳಲು ಗೆಜ್ಜೆಗೆ ಸಣ್ಣದು. ಮೊದಲ ದಿನ ಗೆಜ್ಜೆಯ ಸದ್ದಿಗೆ ನಾನು ಯಾರೋ ಬಂದರೆಂದು ಹೋಗಿ ಬಾಗಿಲು ತೆರೆದಿದ್ದೆ.

ಹಬ್ಬ ಮುಗಿಯಿತು, ಗೆಜ್ಜೆ ಮಾಯವಾಯಿತು. ಕೊಳಲು ಕಂಬಳಿ ಹೊದ್ದು ಊದಿದಂತೆ ಕೇಳತೊಡಗಿತು. ನಮ್ಮ ಪತ್ತೇದಾರಿಕೆ ಶುರುವಾಯಿತು. ನನಗೆ ಊಟದ ನೆನಪೂ ಉಳಿಯಲಿಲ್ಲ. ಅಣ್ಣ ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ. ನಾನು ಪೆಟ್ಟಿಗೆಗೆ ಕಿವಿ ಹಚ್ಚಿ ಕೂತೆ.

"ಏನರ ಕೇಳ್ತದೇನೋ?"

"ಇಲ್ಲಣ್ಣ, ಸಣ್ಣದು ಉಸಿರೂ ಬಿಡವಲ್ದು."

ಮುಳ್ಳು ಬದಲಾಯಿಸಿದೆವು, ರೆಕಾರ್ಡು ಒರೆಸಿದೆವು. ಕೊನೆಗೆ ಅಣ್ಣ ಎದ್ದು ನಿಂತ. "ಎರಡೂ ಕೂಡೇ ಸತ್ತಾವಂದ್ರ ಅಂಗಡ್ಯಾಂವ ಮೋಸಾನ ಮಾಡ್ಯಾನ. ನಾಳೆ ಹುಬ್ಬಳ್ಳಿಗೆ ಹೋಗಿ ನಾಕು ಮಂದಿ ಮುಂದ ಅವನ ಮಾನ ತಗೀತೀನಿ."

"ನಾನೂ ಬರ್ತೀನಿ, ಜಗಳಕ್ಕ ಒಬ್ಬ ಜೋಡಿ ಇರ್ಲಿ" ಎಂದೆ.

ಬೆಳಿಗ್ಗೆ ಸ್ನಾನ ಮುಗಿಸಿ ಕನ್ನಡಿಯ ಮುಂದೆ ಹಣೆಗೆ ವಿಭೂತಿ ಎಳೆಯುತ್ತಿದ್ದೆ. ಬೆರಳು ಅರ್ಧಕ್ಕೇ ನಿಂತಿತು. ಖಂಡೇ ಪೂಜೆಯ ದಿನ, ಪೆಟ್ಟಿಗೆಗಳ ಮುಂದಿನ ಬಟ್ಟೆ ಹೊದಿಸಿದ ಜಾಲರಿಗೆ ಹಚ್ಚಿದರೆ ಕಲೆಯಾದೀತೆಂದು ಅದನ್ನೇ ಕಿತ್ತು, ಒಳಗಿನ ಕಾಗದದ ಮುಖಗಳಿಗೆ ನೀರಲ್ಲಿ ಕಲೆಸಿದ ವಿಭೂತಿಯ ಮೂರು ಗೆರೆ ದಪ್ಪಗೆ ಎಳೆದವನು ನಾನೇ. ದೊಡ್ಡವು ತಬಲಾಕ್ಕೆ ಕುಣಿದು ಉದುರಿಸಿಕೊಂಡಿರಬೇಕು. ಸಣ್ಣವಕ್ಕೆ ಅಷ್ಟು ಶಕ್ತಿ ಎಲ್ಲಿ? ಗಾರೆ ಮೆತ್ತಿದಂತೆ ಬಿಗಿದುಕೊಂಡಿದ್ದವು.

ಹೇಳಬೇಕಿತ್ತು. ಹೇಳುವ ಬದಲು ಪೆಟ್ಟಿಗೆ ಹೊತ್ತುಕೊಂಡು ಅಣ್ಣನ ಹಿಂದೆ ಬಸ್ ಸ್ಟ್ಯಾಂಡಿಗೆ ನಡೆದೆ. ದಾರಿಯುದ್ದಕ್ಕೂ ಅವನು ಬೈಗುಳ ಅಭ್ಯಾಸ ಮಾಡುತ್ತಿದ್ದ. ಒಂದೊಂದೂ ಬಂದು ನನಗೇ ತಾಗುತ್ತಿತ್ತು. ಪೆಟ್ಟಿಗೆ ಬಸ್ಸಿನ ಮೇಲೇರುವ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ.

"ಅಣ್ಣ, ಜಗಳ ಆಡೂದಿದ್ರ ಇಲ್ಲೇ ಆಡು. ಆ ಮೋಸಗಾರ ನಾನ."

ಅಣ್ಣ ಪೆಟ್ಟಿಗೆ ಇಳಿಸಿ ಜಾಲರಿ ಕಿತ್ತ. ಸಣ್ಣ ದುಂಡು ಮುಖದ ಮೇಲೆ ಮೂರು ಬಿಳಿ ಗೆರೆ. ಅದನ್ನು ನೋಡಿದ, ನನ್ನ ಹಣೆ ನೋಡಿದ. ಕಿಟಕಿಯಿಂದ ಇಣುಕಿದ ಒಬ್ಬ ಮುದುಕ ಕೇಳಿದ: "ಪೆಟ್ಟಿಗಿಗೂ ದೀಕ್ಷಾ ಕೊಡ್ಸೀರೇನ್ರಿ, ಸಾವ್ಕಾರ್ರ?" ಬಸ್ಸಿಗೆ ಬಸ್ಸೇ ನಕ್ಕಿತು. ಅಣ್ಣ ನಗಲಿಲ್ಲ. ಆದರೆ ಬೈಯಲೂ ಇಲ್ಲ. ಅಷ್ಟು ಕಷ್ಟಪಟ್ಟು ಕಲಿತ ಬೈಗುಳವೆಲ್ಲ ವ್ಯರ್ಥವಾಯಿತು.

ಮನೆಗೆ ಬಂದು ಮೆತ್ತನೆಯ ಕುಂಚದಿಂದ ಇಬ್ಬರೂ ಉಸಿರು ಬಿಗಿಹಿಡಿದು ಕೆರೆದೆವು. ಬಲಗಡೆ ಗೆಜ್ಜೆ ಝಲ್ಲೆಂದಾಗ ನಾನು ಅಣ್ಣನನ್ನು ಎತ್ತಿ ತಿರುಗಿಸಿಯೇ ಬಿಟ್ಟೆ. ಎಡಗಡೆಯದು ಮಾತ್ರ ತಪಸ್ಸು ಬಿಟ್ಟು ಏಳಲಿಲ್ಲ.

ಮರುವರ್ಷ ಖಂಡೇ ಪೂಜೆಗೆ ಅತ್ತಿಗೆ ವಿಭೂತಿಯ ಬಟ್ಟಲನ್ನು ನನ್ನಿಂದ ಕಸಿದುಕೊಂಡರು. "ಕೈ ಚಾಚೋ ತಮ್ಮಾ. ಈ ಸಲ ನಿನ್ನ ಬೆರಳಿಗೆ ಪೂಜಿ. ಅವೂ ಸ್ವಲ್ಪ ಸುಮ್ಮನಿರ್ಲಿ."

ಎರಡೂ ಕೈ ಚಾಚಿದೆ. ಹಚ್ಚಿದ ವಿಭೂತಿ ಒಣಗುವಷ್ಟರಲ್ಲೇ, ಎಡಗಡೆಯ ಪೆಟ್ಟಿಗೆಯ ಹಿಂದೆ ಒಂದು ಸ್ಕ್ರೂ ಸಡಿಲಾಗಿರುವುದು ನನ್ನ ಕಣ್ಣಿಗೆ ಬಿತ್ತು.