ಮನಿ ಪ್ಲಾಂಟಿನ ಹುಳ, ವಿಜಯಕುಮಾರನ ತಲೆ

ವಿಜಯಕುಮಾರನಿಗೆ ಅನುಮಾನ ಪಡುವುದಕ್ಕೇ ಸಂಬಳ. ಪೀಣ್ಯದ ಒಂದು ನಟ್ಟು-ಬೋಲ್ಟಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದ. ಹಗಲೆಲ್ಲ ಬೋಲ್ಟುಗಳನ್ನು ಎತ್ತಿ ಹಿಡಿದು ಗುರಾಯಿಸಿದ ಕಣ್ಣನ್ನು ಸಂಜೆ ಸಿಂಗಾಪುರ ಬಡಾವಣೆಯ ಬಾಡಿಗೆ ಮನೆಗೆ ಬಂದ ಮೇಲೂ ಕಳಚಿಡಲು ಬರುತ್ತಿರಲಿಲ್ಲ, ಪಾಪ. ಹೆಂಡತಿ ಭಾಗ್ಯಶ್ರೀ ನಕ್ಕರೆ ಯಾಕೆ ನಕ್ಕಳು ಅಂತ ಅನುಮಾನ, ನಗದಿದ್ದರೆ ಇನ್ನೂ ದೊಡ್ಡ ಅನುಮಾನ. ಈ ಭೂಮಂಡಲದಲ್ಲಿ ಅವನ ತಪಾಸಣೆಯಿಂದ ಪಾರಾದದ್ದು ಒಂದೇ ಒಂದು. ವಿಜಯಪುರದ ಕಡೆಯ ಊರಿಂದ ಅವನ ಅವ್ವ ಬಸ್ಸಿಗೆ ಹಾಕಿ ಕಳಿಸುವ ಬಿಳಿಜೋಳದ ಚೀಲ.

"ಅಂಗಡಿ ಹಿಟ್ಟು ತರೂಣ್ರಿ" ಎಂದು ಭಾಗ್ಯಶ್ರೀ ಒಮ್ಮೆ ಬಾಯಿ ಬಿಟ್ಟಿದ್ದಕ್ಕೆ ಅವನು ಎದ್ದು ನಿಂತೇ ಘೋಷಿಸಿದ್ದ: "ನಮ್ಮ ಅವ್ವನ ಜ್ವಾಳಕ್ಕ ಹುಳ ಮೂಸೂದಿಲ್ಲ. ಒಂದೇ ಒಂದು ಹುಳ ತೋರ್ಸು, ಇಡೀ ಚೀಲ ನಾನೇ ಕುಂತು ಹಸನ ಮಾಡ್ತೀನಿ!" (ಹುಟ್ಟಿದಾಗಿನಿಂದ ಮೊರ ಮುಟ್ಟಿದ ಗಂಡಲ್ಲ. ರೊಟ್ಟಿ ತಟ್ಟೆಯಲ್ಲೇ ಬೆಳೆಯುತ್ತದೆ ಅಂತ ತಿಳಿದವನು.)

ಆ ಹೆಮ್ಮೆಯಲ್ಲೇ ಕೆಳಗಿನ ಮನೆಯ ಓನರಮ್ಮ ಮುನಿವೆಂಕಟಮ್ಮನಿಗೂ ಒಂದು ಡಬ್ಬಿ ಜೋಳ ಕೊಟ್ಟು ಬಂದಿದ್ದ. ಡಬ್ಬಿ ವಾಪಸ್ ಬಂದಾಗ ಅದರ ತುಂಬ ಮಣ್ಣು, ಮಣ್ಣಿನಲ್ಲಿ ಮನಿ ಪ್ಲಾಂಟು. ಭಾಗ್ಯಶ್ರೀ ಅದನ್ನು ಹಾಲ್‌ನ ಕಿಟಕಿಯಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ಚಹಾಕ್ಕೆ ಕಾಯುತ್ತಾ ಆ ಕಿಟಕಿಯ ಹತ್ತಿರ ನಿಂತವನು ಕಿಟಾರನೆ ಕಿರುಚಿದ.

"ಭಾಗ್ಯಾ! ಬಾ ಇಲ್ಲೆ! ಮಣ್ಣಾಗ ಏನೋ ಹರದಾಡಾಕತ್ತಾವ!"

"ಮಣ್ಣಂದ್ರ ಹುಳ ಇರ್ತಾವ, ಬಿಡ್ರಿ" ಎಂದಳು ಅಡುಗೆಮನೆಯಿಂದ, ಸ್ವಲ್ಪ ಅವಸರವಾಗಿಯೇ. ಆ ಅವಸರವೂ ಅವನ ಕಿವಿಗೆ ಬಿತ್ತು.

ಎಳ್ಳಿಗಿಂತ ಚಿಕ್ಕ ಕಂದು ಹುಳಗಳು. ಕೆಲವನ್ನು ಹಿಡಿದು ಖಾಲಿ ಮಾತ್ರೆ ಶೀಶೆಗೆ ಹಾಕಿದ, ಭೂತಗನ್ನಡಿ ತಂದ, ಫೋಟೊ ತೆಗೆದು ಫೋನನ್ನು ಕೇಳಿದ. ಕುಂಡದ ಮಣ್ಣಲ್ಲಿ ನೆಗೆಯುವ ಹುಳವಿರಬಹುದು ಅಂದಿತು ಫೋನು. ಗುಂಡುಪಿನ್ನಿನಿಂದ ತಿವಿದ, ನೆಗೆಯಲಿಲ್ಲ. ಹಾಗಾದರೆ ತೇವದ ಮಣ್ಣಿನ ಸಣ್ಣ ನೊಣ ಅಂದಿತು. ಊದಿದ, ಹಾರಲಿಲ್ಲ. ಬದಲಿಗೆ ಕಾಲು ಮಡಚಿಕೊಂಡು ಸತ್ತಂತೆ ಬಿದ್ದುಕೊಂಡಿತು! ಅವನು ಆಚೆ ನೋಡಿದ್ದೇ ತಡ, ಎದ್ದು ನಡೆಯಿತು.

"ನಾಟಕ! ಟ್ರೇನಿಂಗ್ ಕೊಟ್ಟು ಕಳಿಸ್ಯಾರ!" ಎಂದ ವಿಜಯಕುಮಾರ. "ಈಗ ತಿಳೀತು. ಓನರಮ್ಮನ ಮಗ ಬಾಲರಾಜುಗ ಲಗ್ನ ಗೊತ್ತಾಗೇತಿ. ಮ್ಯಾಲಿನ ಮನಿ ಬೇಕಾಗೇತಿ. ಬಿಡ್ರಿ ಅನ್ನಾಕ ಬಾಯಿಲ್ಲ, ಹುಳ ಬಿಟ್ಟಾರ. ನಾಳೆ ಈ ಹುಳ ಅವ್ವನ ಜ್ವಾಳಕ್ಕ ಹತ್ತಿದ್ರ?"

ತಲೆಯಲ್ಲಿ ಹುಳ ಹೊಕ್ಕಾಗಿತ್ತು. ಶೀಶೆ ಹಿಡಿದು ಮೆಟ್ಟಿಲಿಳಿದ.

"ರೀ, ಬ್ಯಾಡ್ರಿ! ಮರ್ಯಾದಿ ಹೋಗತೈತಿ!" ಎಂದು ಭಾಗ್ಯಶ್ರೀ ಹಿಂದೆಯೇ ಓಡಿ ಬಂದಳು.

"ಯಾರ ಮರ್ಯಾದಿ?"

"ಅದನ್ನೇ ಹೇಳಾಕತ್ತೀನಿ, ನಿಲ್ರಿ!"

ಮುನಿವೆಂಕಟಮ್ಮ ಅಂಗಳದಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ವಿಜಯಕುಮಾರ ಶೀಶೆಯನ್ನು ಅವಳ ಮೂಗಿಗೇ ಹಿಡಿದ. "ಅಮ್ಮಾರೇ, ಮನಿ ಬಿಡಿಸೂದಿದ್ರ ಬಾಯಿ ಬಿಟ್ಟು ಹೇಳ್ರಿ. ಗಿಡದಾಗ ಹುಳ ಯಾಕ ಬಿಡ್ತೀರಿ?"

ಮುದುಕಿ ಶೀಶೆಯನ್ನು ಬಿಸಿಲಿಗೆ ಹಿಡಿದಳು. "ಅಯ್ಯೋ, ಇದು ಮಣ್ಣಿನ ಉಳ ಅಲ್ಲ ಕಣಪ್ಪ. ಮೂತೀಲಿ ಸೊಂಡ್ಲು ಐತೆ ನೋಡು. ಕಾಳು ಕೊರೆಯೋ ಉಳ. ನೀ ಕೊಟ್ಟ ಜೋಳದಾಗೂ ಇವೇ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ನಾ ಕೊಟ್ಟ ಜ್ವಾಳದಾಗ?"

"ಅವ್ವ ಕಳ್ಸಿದ್ದು ಅಂತ ಅಷ್ಟು ಪಿರೂತಿಯಿಂದ ಕೊಟ್ಟೆ. ಎಂಗಪ್ಪಾ ಏಳಾನ? ಕೋಳಿಗಾಕ್ದೆ. ಬೋ ಇಷ್ಟಪಟ್ಟು ತಿಂದ್ವು. ಡಬ್ಬಿ ಬರಿದಾಗಿ ವಾಪಸ್ ಕೊಡಬಾರ್ದಲ್ಲ, ಅದ್ಕೆ ಒಂದು ಗಿಡ ನೆಟ್ಟುಕೊಟ್ಟೆ. ಮನೆ ಬಿಡು ಅಂತ ಯಾರಂದ್ರು ನಿಂಗೆ?"

ವಿಜಯಕುಮಾರನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿಯ ಕಡೆ ತಿರುಗಿದ. "ಹಂಗಾರ ಗಿಡದಾಗ ಹೆಂಗ ಬಂದ್ವು?"

"ನೀವು ಡ್ಯೂಟಿಗೆ ಹೋದಮ್ಯಾಗ ಆ ಕಿಟಕಿ ಬೆಳಕಿನಾಗ ಕುಂತು ಕೇರತೀನ್ರಿ. ಹುಳ ಹಾರಿ ಮತ್ತೆಲ್ಲಿ ಬೀಳಬೇಕು?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನಾನೇ ಹಸನ ಮಾಡ್ತೀನಿ ಅಂದಿದ್ರಿ. ನೀವು ಹಸನ ಮಾಡಿದ ಜ್ವಾಳದ ರೊಟ್ಟಿ ತಿನ್ನೂ ಧೈರ್ಯ ನನಗಿಲ್ಲ!"

"ಆಡಿದ್ಮೇಲೆ ಮಾಡ್ಬೇಕು ಕಣಪ್ಪ" ಎಂದು ಮುನಿವೆಂಕಟಮ್ಮ ತನ್ನದೇ ದೊಡ್ಡ ಮೊರ ತಂದುಕೊಟ್ಟಳು. "ಉಳ ಮಾತ್ರ ಬಿಸಾಕ್ಬೇಡ, ಕೋಳಿಗೆ ಬೇಕು."

ಮಧ್ಯಾಹ್ನ ಇನ್ಸ್‌ಪೆಕ್ಟರ್ ಸಾಹೇಬರು ತಾರಸಿಯ ಮೇಲೆ ಚೀಲದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೇರಿದರೆ ಕಾಳು ಹಾರುತ್ತಿತ್ತು, ಹುಳ ಮೊರದಲ್ಲೇ ಕೂರುತ್ತಿತ್ತು. ಭಾಗ್ಯಶ್ರೀ ಪಕ್ಕದಲ್ಲಿ ಭೂತಗನ್ನಡಿ ಹಿಡಿದು "ರಿಜೆಕ್ಟ್, ಮತ್ತೊಮ್ಮೆ ಕೇರ್ರಿ" ಅನ್ನುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು. ಊರಿಂದ ಅವ್ವ.

"ಜ್ವಾಳ ಹೆಂಗದಾವೋ ಯಪ್ಪಾ?"

ವಿಜಯಕುಮಾರ ಮೊರ ನೋಡಿದ, ಹೆಂಡತಿಯನ್ನು ನೋಡಿದ. ಓನರಮ್ಮ ನಾಲಿಗೆ ಕಚ್ಚಿಕೊಂಡದ್ದು ನೆನಪಾಯಿತು. "ಭಾಳ ಛಲೋ ಅದಾವ ಬೇ. ಹುಡುಕಿದ್ರೂ ಒಂದು ಹುಳ ಇಲ್ಲ."

"ನನಗ ಗೊತ್ತಿತ್ತು! ತಡಿ, ಇನ್ನೊಂದು ಚೀಲ ಇವತ್ತೇ ಬಸ್ಸಿಗೆ ಹಾಕಸ್ತೀನಿ."

ಭಾಗ್ಯಶ್ರೀ ಮೊರವನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು.